ಮಾಡೆಲ್ ಒಂದೇ, ಹೌಸಿಂಗ್ ಆರು, ಬೇರಿಂಗ್ ಮಾತ್ರ ಕೂರಲಿಲ್ಲ: ಮಂಡ್ಯದ ಒಂದು ಕ್ಯಾಡ್–ಕ್ಯಾಮ್ ಲ್ಯಾಬ್‌ನ ಪ್ರಕರಣ ಅಧ್ಯಯನ

ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ನಡೆದ ಪ್ರಕರಣ ಇದು. ಬ್ಯಾಚ್‌ಗೆ 24 ವಿದ್ಯಾರ್ಥಿಗಳು, ನಾಲ್ವರಂತೆ ಆರು ಗುಂಪು, ವಾರಕ್ಕೊಂದು ದಿನ ಮೂರು ಗಂಟೆಯ ಲ್ಯಾಬ್. ಕಬ್ಬು ಅರೆಯುವ ಮೂರು ರೋಲರ್ ಗಾಣದ ಸಣ್ಣ ಮಾದರಿಯೊಂದನ್ನು ಬ್ಯಾಚ್ ಪೂರ್ತಿ ಸೇರಿ ಮಾಡಬೇಕಿತ್ತು. ಮೂರು ರೋಲರ್ ಎಂದರೆ ಆರು ತುದಿ, ಆರು ತುದಿಗೆ ಆರು ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರುವ ಗೂಡು), ಗುಂಪಿಗೆ ಒಂದೊಂದು. ಆಲೆಮನೆಯ ನಿಜವಾದ ಗಾಣದಲ್ಲಿ ಗನ್‌ಮೆಟಲ್ ಬುಷ್ ಇರುತ್ತದೆ. ಮಾದರಿಗೆ ಸುಲಭವಾಗಿ ಸಿಗುವ 6202 ಬಾಲ್ ಬೇರಿಂಗ್ ಆರಿಸಲಾಗಿತ್ತು.

6202ರ ಅಳತೆ ಎಲ್ಲ ಕ್ಯಾಟಲಾಗ್‌ಗಳಲ್ಲೂ ಒಂದೇ: ಒಳವ್ಯಾಸ 15, ಹೊರವ್ಯಾಸ 35, ಅಗಲ 11 ಮಿ.ಮೀ. ಹೌಸಿಂಗ್‌ನ ಕಚ್ಚಾ ತುಂಡು 70×50×20 ಮಿ.ಮೀ.ನ 6061 ಅಲ್ಯೂಮಿನಿಯಂ. ಮೇಲಿನಿಂದ 35 ಮಿ.ಮೀ. ವ್ಯಾಸದ, 11 ಮಿ.ಮೀ. ಆಳದ ಬೋರ್, ಅಂದರೆ ಬೇರಿಂಗ್ ಕೂರುವ ದುಂಡು ಕುಳಿ. ಅದರ ಕೆಳಗೆ 28 ಮಿ.ಮೀ. ವ್ಯಾಸದ ಆರುಪಾರು ತೂತು, ಅಂದರೆ ಬೇರಿಂಗಿನ ಹೊರ ರಿಂಗ್ ಒರಗಲು ಸುತ್ತಲೂ 3.5 ಮಿ.ಮೀ. ಮೆಟ್ಟಿಲು. ಡ್ರಾಯಿಂಗ್‌ನಲ್ಲಿ ಬೋರಿನ ಪಕ್ಕ ಎಚ್7 ಎಂದು ಬರೆದಿತ್ತು, ಅಳತೆ ಎಷ್ಟರ ಮಟ್ಟಿಗೆ ಹೆಚ್ಚುಕಡಿಮೆಯಾಗಬಹುದು (ಟಾಲರೆನ್ಸ್) ಎಂದು ಹೇಳುವ ಗುರುತು ಅದು. 35 ಮಿ.ಮೀ.ಗೆ ಎಚ್7 ಎಂದರೆ ಕನಿಷ್ಠ 35.000, ಗರಿಷ್ಠ 35.025. ಸಾಮಾನ್ಯ ದರ್ಜೆಯ ಬೇರಿಂಗಿನ ಹೊರವ್ಯಾಸ 35.000ದಿಂದ 34.989ರ ನಡುವೆ ಇರುತ್ತದೆ. ಕೈಯಿಂದ ಒತ್ತಿದರೆ ಮೆಲ್ಲಗೆ ಜಾರಿ ಕೂರಬೇಕು, ಕೂತ ಮೇಲೆ ಅಲ್ಲಾಡಬಾರದು.

ಆರೂ ಗುಂಪಿನ ಕೈಗೆ ಬಂದದ್ದು ಒಂದೇ ಮಾಡೆಲ್ ಫೈಲ್. ಎಲ್ಲರ ಸಿಮ್ಯುಲೇಶನ್‌ನಲ್ಲೂ ಒಂದು ಎರರ್ ಇರಲಿಲ್ಲ. ಮೆಷಿನ್ ಕೂಡ ಒಂದೇ, ಫಾನುಕ್ ಕಂಟ್ರೋಲ್ ಇರುವ ಮೂರು ಆಕ್ಸಿಸ್ ವರ್ಟಿಕಲ್ ಮಿಲ್. ಎರಡು ವಾರದ ಕೊನೆಗೆ ಮೇಜಿನ ಮೇಲೆ ಸಾಲಾಗಿ ಇಟ್ಟ ಆರು ಹೌಸಿಂಗ್‌ಗಳಲ್ಲಿ ಎರಡಕ್ಕೆ ಬೇರಿಂಗ್ ಬಾಯಿಯನ್ನೇ ದಾಟಲಿಲ್ಲ, ಒಂದರಲ್ಲಿ ತಾನಾಗಿ ಬಿದ್ದು ಗಡಗಡ ಎಂದಿತು, ಒಂದರಲ್ಲಿ ಹೋದರೂ ಮೇಲೆದ್ದು ನಿಂತಿತು, ಒಂದರಲ್ಲಿ ಕೂತರೂ ಒರಟಾಗಿ ತಿರುಗಿತು. ಒಂದೇ ಒಂದು ಸರಿಯಾಗಿ ಕೂತಿತು. ಆ ಒಂದು ಕೂಡ ಯಾಕೆ ಪೂರ್ತಿ ಸರಿ ಅಲ್ಲ ಎನ್ನುವುದೇ ಈ ಪ್ರಕರಣದಲ್ಲಿ ಹೆಚ್ಚು ಯೋಚಿಸಬೇಕಾದ ಭಾಗ.

ವರ್ನಿಯರ್ ಹೇಳಿದ್ದು

ಮೊದಲ ಗುಂಪಿನ ವಿದ್ಯಾರ್ಥಿ ಬಂದು ಹೇಳಿದ ಮಾತು ಇಷ್ಟೇ: "ಸಾರ್, ವರ್ನಿಯರ್‌ನಲ್ಲಿ 35 ಬರ್ತಾ ಇದೆ, ಬೇರಿಂಗ್ ಮಾತ್ರ ಹೋಗ್ತಾ ಇಲ್ಲ. ಬೇರಿಂಗೇ ದೊಡ್ಡದಿರಬೇಕು."

ಬೇರಿಂಗನ್ನು 25–50 ಮೈಕ್ರೋಮೀಟರ್‌ನಲ್ಲಿ ಹಿಡಿದರೆ 34.993. ಬೇರಿಂಗಿನ ತಪ್ಪಲ್ಲ. ಅದೇ ಬೋರನ್ನು ಡಯಲ್ ಬೋರ್ ಗೇಜ್‌ನಲ್ಲಿ ನೋಡಿದರೆ 34.94. ವರ್ನಿಯರಿಗೂ ಬೋರ್ ಗೇಜಿಗೂ 0.06 ವ್ಯತ್ಯಾಸ ಯಾಕೆ ಬಂತು?

ಡಿಜಿಟಲ್ ವರ್ನಿಯರ್ ಪರದೆಯಲ್ಲಿ 0.01 ತೋರಿಸುತ್ತದೆ, ಅದರ ನಿಖರತೆ ಮಾತ್ರ ±0.02ರ ಆಸುಪಾಸು. ಅದಕ್ಕಿಂತ ದೊಡ್ಡ ತೊಂದರೆ ಹಿಡಿಯುವ ರೀತಿಯಲ್ಲಿದೆ. ಒಳದವಡೆಗಳನ್ನು ಬೋರಿನ ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಹಿಡಿದರೆ ಅಳತೆ ಕಡಿಮೆ ಬರುತ್ತದೆ, ಬೋರಿನ ಆಳದ ದಿಕ್ಕಿಗೆ ಓರೆಯಾಗಿ ಹಿಡಿದರೆ ಹೆಚ್ಚು ಬರುತ್ತದೆ. 35 ಬರಬೇಕು ಎಂದು ಗೊತ್ತಿರುವ ಕೈ 35 ಬರುವ ತನಕ ಓರೆ ಮಾಡುತ್ತದೆ. ವಿದ್ಯಾರ್ಥಿ ಸುಳ್ಳು ಹೇಳಿದ್ದಲ್ಲ. 25 ಮೈಕ್ರಾನ್‌ನ (ಮೈಕ್ರಾನ್ ಎಂದರೆ 0.001 ಮಿ.ಮೀ.) ಪ್ರಶ್ನೆಯನ್ನು 20 ಮೈಕ್ರಾನ್ ಅಂದಾಜಿನ ಸಾಧನಕ್ಕೆ ಕೇಳಿದ್ದು ತಪ್ಪು.

ಬೋರ್ ಗೇಜ್ ಬಳಸುವ ಕ್ರಮವನ್ನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆ ನಿಂತಿದೆ. ಮೈಕ್ರೋಮೀಟರನ್ನು 35.000ಕ್ಕೆ ಇಟ್ಟು ಲಾಕ್ ಮಾಡಿ ಸ್ಟ್ಯಾಂಡಿಗೆ ಕಚ್ಚಿಸಿ. ಗೇಜಿನ ಎರಡು ತುದಿ ಅದರ ನಡುವೆ ಇಟ್ಟು, ಮೆಲ್ಲಗೆ ಅತ್ತಿತ್ತ ತೂಗಿ. ಮುಳ್ಳು ಒಂದು ಕಡೆಗೆ ಹೋಗಿ, ಒಂದು ಜಾಗದಲ್ಲಿ ನಿಂತು, ಹಿಂದಕ್ಕೆ ತಿರುಗುತ್ತದೆ. ಆ ತಿರುಗುವ ಜಾಗಕ್ಕೆ ಡಯಲ್‌ನ ಸೊನ್ನೆ ತಂದಿಡಿ. ಈಗ ಗೇಜನ್ನು ಬೋರಿನೊಳಗೆ ಇಳಿಸಿ ಹಿಡಿಯನ್ನು ಹಿಂದೆ ಮುಂದೆ ತೂಗಿ. ಇಲ್ಲೂ ಮುಳ್ಳು ಒಂದು ಕಡೆ ತಿರುಗಿ ವಾಪಸ್ ಬರುತ್ತದೆ. ಆ ತಿರುವೇ ಬೋರಿನ ವ್ಯಾಸ. ಮುಳ್ಳು ನಿಂತ ಜಾಗವನ್ನು ಓದುವುದಲ್ಲ, ತಿರುಗಿದ ಜಾಗವನ್ನು ಓದುವುದು. ಮೇಲೆ 2 ಮಿ.ಮೀ. ಆಳದಲ್ಲಿ ಒಮ್ಮೆ, ಕೆಳಗೆ 9 ಮಿ.ಮೀ.ನಲ್ಲಿ ಒಮ್ಮೆ, ಎರಡೂ ಕಡೆ ಎಕ್ಸ್ ದಿಕ್ಕು, ವೈ ದಿಕ್ಕು. ಒಟ್ಟು ನಾಲ್ಕು ಓದು. ಒಂದೇ ಓದು ಬರೆದುಕೊಂಡರೆ ಬೋರ್ ದುಂಡಗಿದೆಯೋ ಇಲ್ಲವೋ, ನೇರವಿದೆಯೋ ಕೋನಾಕಾರವೋ ಯಾವುದೂ ಗೊತ್ತಾಗುವುದಿಲ್ಲ.

ಈ ನಾಲ್ಕು ಓದನ್ನು ಆರು ಹೌಸಿಂಗಿಗೂ ತೆಗೆದ ಮೇಲೆಯೇ ಕಾರಣಗಳು ಬಿಡಿ ಬಿಡಿಯಾಗಿ ಕಾಣತೊಡಗಿದ್ದು.

ಆರು ಬೋರ್, ಆರು ಕಾರಣ

ಒಂದನೆಯ ಹೌಸಿಂಗ್: ನಾಲ್ಕೂ ಓದು 34.94. ದುಂಡಗಿದೆ, ನೇರವಿದೆ, ಬರೀ ಚಿಕ್ಕದು. ಬಳಸಿದ್ದು ಟಿ3 ಎಂದು ಗುರುತಿದ್ದ 10 ಮಿ.ಮೀ. ಎಂಡ್ ಮಿಲ್ (ಸುತ್ತುತ್ತಾ ಕತ್ತರಿಸುವ ಟೂಲ್), ಮೂರು ಹಲ್ಲಿನ ಕಾರ್ಬೈಡ್. ಅದನ್ನು ಹಿಂದೊಮ್ಮೆ ಸಾಣೆ ಹಿಡಿಸಲಾಗಿತ್ತು. ಕತ್ತರಿಸುವ ವ್ಯಾಸ 9.94. ಮಾಡೆಲ್‌ನಿಂದ ಟೂಲ್ ಓಡುವ ದಾರಿ (ಟೂಲ್‌ಪಾತ್) ಲೆಕ್ಕ ಹಾಕುವ ಕ್ಯಾಮ್ ಸಾಫ್ಟ್‌ವೇರ್‌ನ ಟೂಲ್ ಪಟ್ಟಿಯಲ್ಲಿ ಅದು 10.000 ಎಂದೇ ಇತ್ತು. ಸಾಫ್ಟ್‌ವೇರ್ ಟೂಲ್‌ನ ಕೇಂದ್ರವನ್ನು 12.5 ಮಿ.ಮೀ. ತ್ರಿಜ್ಯದಲ್ಲಿ ತಿರುಗಿಸಿತು, ಟೂಲ್ ತನ್ನ 4.97 ಮಿ.ಮೀ. ತ್ರಿಜ್ಯವನ್ನು ಸೇರಿಸಿತು: 17.47, ಅಂದರೆ ವ್ಯಾಸ 34.94. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ.

ಎರಡನೆಯದು: ಮೇಲೆ 34.93, ಕೆಳಗೆ 34.88. ಅದೇ ಟೂಲ್, ಆದರೆ ಟೂಲ್ ಹಿಡಿಯುವ ಕಾಲೆಟ್‌ನಿಂದ 45 ಮಿ.ಮೀ. ಹೊರಗೆ ಬಿಟ್ಟು ಕಟ್ಟಿದ್ದರು. ಈ ಕೆಲಸಕ್ಕೆ 28 ಮಿ.ಮೀ. ಸಾಕಿತ್ತು. ಹೊರಗೆ ಚಾಚಿದ ಉದ್ದದ ಘನಕ್ಕೆ ತಕ್ಕಂತೆ ಟೂಲ್ ಬಾಗುತ್ತದೆ. 45ಕ್ಕೂ 28ಕ್ಕೂ ಬಾಗುವಿಕೆಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಗೋಡೆ ಟೂಲನ್ನು ಒಳಕ್ಕೆ ತಳ್ಳುತ್ತದೆ, ತುದಿ ಹೆಚ್ಚು ಬಾಗುತ್ತದೆ, ಬೋರ್ ಕೆಳಗೆ ಹೋದಷ್ಟೂ ಚಿಕ್ಕದಾಗುತ್ತದೆ. ಮೇಲಿನ 34.93ಕ್ಕೆ ಸಾಣೆ ಹಿಡಿದ ಟೂಲ್ ಬಹುಪಾಲು ಕಾರಣ, ಕೆಳಗಿನ 0.05 ಪೂರ್ತಿ ಬಾಗುವಿಕೆಯದು. ಜೊತೆಗೆ ಫೀಡ್ (ಟೂಲ್ ಮುಂದೆ ಸಾಗುವ ವೇಗ) ಕೂಡ ಹೆಚ್ಚಿತ್ತು. ನಿಮಿಷಕ್ಕೆ 150 ಮೀಟರ್ ಕಟಿಂಗ್ ಸ್ಪೀಡ್ ಹಿಡಿದರೆ 10 ಮಿ.ಮೀ. ಟೂಲ್‌ಗೆ ಸುಮಾರು 4800 ಆರ್‌ಪಿಎಂ, ಹಲ್ಲಿಗೆ 0.05 ಮಿ.ಮೀ.ನಂತೆ ಮೂರು ಹಲ್ಲಿಗೆ ಫೀಡ್ ನಿಮಿಷಕ್ಕೆ 720 ಮಿ.ಮೀ. ಇದು ನೇರ ಗೆರೆಗೆ ಸರಿ. ಬೋರಿನೊಳಗೆ ಸುತ್ತುವಾಗ ಟೂಲ್ ಕೇಂದ್ರ 12.5ರ ತ್ರಿಜ್ಯದಲ್ಲಿದ್ದರೆ ಕತ್ತರಿಸುವ ಅಂಚು 17.5ರಲ್ಲಿರುತ್ತದೆ. ಪ್ರೋಗ್ರಾಮ್‌ನಲ್ಲಿ ಕೊಡುವ ಫೀಡ್ (ಎಫ್) ಅನ್ವಯಿಸುವುದು ಕೇಂದ್ರಕ್ಕೆ. ಹಾಗಾಗಿ 720×12.5÷17.5, ಸುಮಾರು 510 ಕೊಡಬೇಕು. 720 ಕೊಟ್ಟರೆ ಹಲ್ಲಿಗೆ 0.05 ಬದಲು 0.07 ಬೀಳುತ್ತದೆ.

ಮೂರನೆಯ ಗುಂಪಿಗೆ ಬರುವ ಮೊದಲು ನಾಲ್ಕನೆಯದನ್ನು ನೋಡುವುದು ಒಳ್ಳೆಯದು.

ನಾಲ್ಕನೆಯದು: ನಾಲ್ಕೂ ಓದು 35.06. ಬೇರಿಂಗ್ ಬಿದ್ದು ಅಲ್ಲಾಡಿದ್ದು ಇದರಲ್ಲೇ. ಈ ಗುಂಪಿನವರು ಇತರರಿಗಿಂತ ಒಂದು ಹೆಜ್ಜೆ ಮುಂದೆ ಇದ್ದರು. ಟೂಲ್ 9.94 ಎಂದು ಮೈಕ್ರೋಮೀಟರ್‌ನಲ್ಲಿ ಅಳೆದಿದ್ದರು (ಮೂರು ಹಲ್ಲಿನ ಟೂಲನ್ನು ಸಾದಾ ಮೈಕ್ರೋಮೀಟರ್‌ನಲ್ಲಿ ನೇರ ಅಳೆಯಲು ಬರುವುದಿಲ್ಲ, ಅವರು ವಿ-ಆನ್ವಿಲ್ ಇರುವುದನ್ನು ಹುಡುಕಿ ತಂದಿದ್ದರು), ಕ್ಯಾಮ್‌ನಲ್ಲಿ ಕಟರ್ ಕಾಂಪೆನ್ಸೇಶನ್ (ಟೂಲ್‌ನ ಅಳತೆಗೆ ತಕ್ಕಂತೆ ದಾರಿ ಸರಿಸುವುದು) ಅನ್ನು 'ವೇರ್' (ಸವೆತದಷ್ಟು ಮಾತ್ರ ಮೆಷಿನ್ ಸರಿಸುವ) ವಿಧಕ್ಕೆ ಬದಲಿಸಿದ್ದರು, ಹಾಗೆ ಸರಿಸುವ ಆಜ್ಞೆ ಜಿ41, ಎಷ್ಟು ಎಂಬ ಸಂಖ್ಯೆ ಇರುವ ಡಿ03 ಪ್ರೋಗ್ರಾಮ್‌ನಲ್ಲಿ ಬಂದಿದೆಯೇ ಎಂದು ನೋಡಿದ್ದರು. ಆಮೇಲೆ ಮೆಷಿನ್‌ನ ಆಫ್‌ಸೆಟ್ ಪುಟದಲ್ಲಿ ಡಿ03ಕ್ಕೆ –0.06 ಬರೆದರು. ಕಂಟ್ರೋಲ್ ಆ ಸಂಖ್ಯೆಯನ್ನು ತ್ರಿಜ್ಯ ಎಂದು ಓದುತ್ತದೋ ವ್ಯಾಸ ಎಂದು ಓದುತ್ತದೋ ಎನ್ನುವುದನ್ನು ಒಂದು ಪ್ಯಾರಾಮೀಟರ್ ನಿರ್ಧರಿಸುತ್ತದೆ. ಈ ಮೆಷಿನ್‌ನಲ್ಲಿ ಅದು ತ್ರಿಜ್ಯ. ಟೂಲ್ ಗೋಡೆಯ ಕಡೆಗೆ 0.03 ಸರಿಯುವ ಬದಲು 0.06 ಸರಿಯಿತು. ವ್ಯಾಸ 34.94 + 0.12 = 35.06.

ಎಲ್ಲಕ್ಕಿಂತ ಹೆಚ್ಚು ತಿಳಿದು ಮಾಡಿದ ಗುಂಪಿನ ಜಾಬ್ (ಕತ್ತರಿಸಿದ ತುಂಡು) ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು. ಚಿಕ್ಕದಾದ ಬೋರನ್ನು ಮತ್ತೆ ಕತ್ತರಿಸಿ ಸರಿ ಮಾಡಬಹುದು, ದೊಡ್ಡದಾದದ್ದು ಗುಜರಿ. ಅಂಕ ಕೊಡುವವರು ಜಾಬ್ ಮಾತ್ರ ನೋಡಿದರೆ ಈ ಗುಂಪಿಗೆ ಅನ್ಯಾಯವಾಗುತ್ತದೆ.

ಈಗ ಮೂರನೆಯದು. ಬೋರ್ 35.00, ಬೇರಿಂಗ್ ಹೆಬ್ಬೆರಳಿನ ಒತ್ತಿಗೆ ಕೂತಿತು, ಅಲ್ಲಾಡಲಿಲ್ಲ, ಹಗುರವಾಗಿ ತಿರುಗಿತು. ಅವರು ಮಾಡಿದ್ದೇನು? ಮೊದಲ ಎರಡು ಗುಂಪಿನ ಬೋರ್ ಚಿಕ್ಕದಾದದ್ದನ್ನು ನೋಡಿ, ಕ್ಯಾಡ್ ಮಾಡೆಲ್ ತೆರೆದು 35 ಇದ್ದದ್ದನ್ನು 35.06 ಎಂದು ತಿದ್ದಿದರು. ಟೂಲ್‌ಪಾತ್ ಮತ್ತೆ ಹುಟ್ಟಿತು, ಬೋರ್ ಸರಿಯಾಯಿತು.

ಜಾಬ್ ಸರಿ ಬಂತು, ದಾರಿ ತಪ್ಪಿತು. ಆ ಮಾಡೆಲ್‌ನಿಂದ ಡ್ರಾಯಿಂಗ್ ತೆಗೆದರೆ ಅದರಲ್ಲಿ 35.06 ಎಂದು ಬರುತ್ತದೆ. ನಾಳೆ ಟಿ3 ತೆಗೆದು ಹೊಸ ಟೂಲ್ ಹಾಕಿದರೆ ಅದೇ ಪ್ರೋಗ್ರಾಮ್ 35.06 ಕತ್ತರಿಸುತ್ತದೆ. ಅಸೆಂಬ್ಲಿಯಲ್ಲಿ ಬೇರಿಂಗಿಗೂ ಹೌಸಿಂಗಿಗೂ ನಡುವೆ ಇಲ್ಲದ ಸಂದು ಕಾಣುತ್ತದೆ. ಮೈಸೂರಿನ ಹೆಬ್ಬಾಳದಲ್ಲೋ ಹೂಟಗಳ್ಳಿಯಲ್ಲೋ ಜಾಬ್ ವರ್ಕ್ ಶಾಪ್‌ಗೆ ಕೆಲಸಕ್ಕೆ ಸೇರಿದ ಹುಡುಗ ಗ್ರಾಹಕರ ಮಾಡೆಲನ್ನು ಹೀಗೆ ತಿದ್ದಿದರೆ ಇಡೀ ಲಾಟ್ ವಾಪಸ್ ಬರುತ್ತದೆ. ಸವೆದದ್ದು ಟೂಲ್, ತಿದ್ದಬೇಕಾದದ್ದು ಟೂಲ್‌ನ ಆಫ್‌ಸೆಟ್. ಮಾಡೆಲ್ ಎನ್ನುವುದು ಭಾಗ ಹೇಗಿರಬೇಕು ಎಂಬುದರ ದಾಖಲೆ. ಯಾವುದೋ ಒಂದು ಟೂಲ್ ಇಂದು ಎಷ್ಟು ಸವೆದಿದೆ ಎಂಬುದನ್ನು ಅದರಲ್ಲಿ ಬರೆಯಬಾರದು. ಆದರೆ ಆ ಬ್ಯಾಚ್‌ನಲ್ಲಿ ಪೂರ್ತಿ ಅಂಕ ಬಂದದ್ದು ಈ ಗುಂಪಿಗೆ ಮಾತ್ರ.

ಐದನೆಯದರಲ್ಲಿ ಬೋರ್ 35.01, ಚೆನ್ನಾಗಿದೆ. ಬೇರಿಂಗ್ ಹೋಯಿತು, ಆದರೆ ಹೌಸಿಂಗ್‌ನ ಮುಖಕ್ಕೆ ಸಮ ಆಗುವ ಬದಲು 0.3 ಮಿ.ಮೀ. ಮೇಲೆದ್ದು ನಿಂತಿತು. ಆಳ ಅಳೆದರೆ 11.00, ಸರಿಯಾಗೇ ಇದೆ. ಇವರು ಟಿ3 ಬಿಟ್ಟು ಹೊಸ ಟೂಲ್ ತೆಗೆದುಕೊಂಡಿದ್ದರು, ಅದರ ಮೂಲೆಯಲ್ಲಿ 1 ಮಿ.ಮೀ. ತ್ರಿಜ್ಯ ಇತ್ತು. ಅಷ್ಟೇ ದುಂಡು ಬೋರಿನ ತಳದ ಮೂಲೆಯಲ್ಲೂ ಉಳಿಯಿತು. 6202ರ ಅಂಚಿನ ದುಂಡು ಕನಿಷ್ಠ 0.6 ಎಂದು ಕ್ಯಾಟಲಾಗ್ ಹೇಳುತ್ತದೆ. ಹೌಸಿಂಗ್ ಮೂಲೆಯ ದುಂಡು ಅದನ್ನು ಮೀರಬಾರದು. ಬೇರಿಂಗ್ ಮೆಟ್ಟಿಲ ಮೇಲೆ ಕೂತಿರಲಿಲ್ಲ, ಮೂಲೆಯ ದುಂಡಿನ ಮೇಲೆ ಕೂತಿತ್ತು. ಸಿಮ್ಯುಲೇಶನ್‌ನಲ್ಲಿ ಈ ಉಳಿಕೆ ಕಾಣಿಸುತ್ತದೆ, ಆದರೆ ಟೂಲ್ ಪಟ್ಟಿಯಲ್ಲಿ ಮೂಲೆ ತ್ರಿಜ್ಯವನ್ನು ತುಂಬಿದ್ದರೆ ಮಾತ್ರ. ಇವರು ತುಂಬಿದ್ದು ವ್ಯಾಸವನ್ನಷ್ಟೆ.

ಆರನೆಯದು: ವೈ ದಿಕ್ಕಿನಲ್ಲಿ 35.018, ಎಕ್ಸ್ ದಿಕ್ಕಿನಲ್ಲಿ 34.985. ಮೊಟ್ಟೆಯಾಕಾರ. ಜಾಬ್ ಕಚ್ಚಿಹಿಡಿಯುವ ವೈಸ್‌ನ ದವಡೆ ಹಿಡಿದದ್ದು ವೈ ದಿಕ್ಕಿನಲ್ಲಿ, 50 ಮಿ.ಮೀ. ಅಗಲಕ್ಕೆ. ಬೋರ್ ಆದ ಮೇಲೆ ಆ ಕಡೆ ಉಳಿಯುವ ಗೋಡೆ 7.5 ಮಿ.ಮೀ. ಮಾತ್ರ. 20 ಮಿ.ಮೀ. ದಪ್ಪದಲ್ಲಿ 17 ಮಿ.ಮೀ.ವರೆಗೂ ದವಡೆ ಕಚ್ಚಿತ್ತು, ಹಿಡಿಗೆ ಪೈಪ್ ಸಿಕ್ಕಿಸಿ ಬಿಗಿದಿದ್ದರು. ಹಿಂಡಿದ ಸ್ಥಿತಿಯಲ್ಲಿ ಬೋರ್ ದುಂಡಗೇ ಕತ್ತರಿಸಿತು. ವೈಸ್ ಸಡಿಲಿಸಿದ ಕೂಡಲೇ ಗೋಡೆ ಹೊರಕ್ಕೆ ಮರಳಿತು, ಹಿಂಡಿದ ದಿಕ್ಕಿನಲ್ಲಿ ಬೋರ್ ಉದ್ದವಾಯಿತು. ಮೆಷಿನ್ ಮೇಲೆ, ವೈಸ್‌ನಲ್ಲಿ ಇರುವಾಗಲೇ ಅಳೆದದ್ದರಿಂದ ಅವರಿಗೆ ಎಲ್ಲ ಸರಿಯಾಗಿಯೇ ಕಂಡಿತ್ತು. ಈ ಗಾತ್ರದ ಬೇರಿಂಗಿನ ಒಳಗಿನ ಸಡಿಲ ಸಾಮಾನ್ಯ ದರ್ಜೆಯಲ್ಲಿ 3ರಿಂದ 18 ಮೈಕ್ರಾನ್. ಹೊರ ರಿಂಗನ್ನು ಒಂದು ದಿಕ್ಕಿನಲ್ಲಿ 8 ಮೈಕ್ರಾನ್ ಹಿಸುಕಿದರೆ ಆ ಸಡಿಲದ ಬಹುಭಾಗ ಅಲ್ಲೇ ಮುಗಿದುಹೋಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಸಿಕ್ಕಿದ ಒರಟು ಅದರದ್ದೇ.

ಎಲ್ಲರಿಗೂ ಸಾಮಾನ್ಯವಾಗಿದ್ದ ತಪ್ಪು

ಬಿಡಿ ಕಾರಣಗಳ ಕೆಳಗೆ ಎಲ್ಲರಿಗೂ ಸೇರಿದ ಒಂದು ತಪ್ಪಿತ್ತು, ಅದು ಲ್ಯಾಬ್‌ನವರದ್ದೇ. ಮಾಡೆಲ್‌ನಲ್ಲಿ ಬೋರ್ 35.000 ಎಂದು ಬರೆದಿದ್ದರು. ಎಚ್7 ಇದ್ದದ್ದು ಡ್ರಾಯಿಂಗ್ ಹಾಳೆಯಲ್ಲಿ. ಟೂಲ್‌ಪಾತ್ ಲೆಕ್ಕ ಹಾಕುವ ಸಾಫ್ಟ್‌ವೇರ್ ನೋಡುವುದು ಮೇಲ್ಮೈಯನ್ನು, ಪಕ್ಕದಲ್ಲಿ ಬರೆದ ಅಕ್ಷರವನ್ನಲ್ಲ. ಎಪಿ242 ಬಗೆಯ ಸ್ಟೆಪ್ ಫೈಲ್ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸುವ ಫೈಲ್) ಟಾಲರೆನ್ಸನ್ನೂ ಹೊತ್ತು ತರಬಲ್ಲದು, ಆದರೆ ಲ್ಯಾಬ್‌ನಲ್ಲಿ ಬಳಸುತ್ತಿದ್ದದ್ದು ಆಕಾರ ಮಾತ್ರ ಸಾಗಿಸುವ ಹಳೆಯ ಬಗೆ. ಫಲ ಏನೆಂದರೆ, ಎಚ್7ನ ಅತಿ ಕೆಳಗಿನ ಅಂಚಾದ 35.000ವನ್ನೇ ಮೆಷಿನ್ ಗುರಿ ಎಂದು ತಿಳಿಯಿತು. ಗುರಿಯೇ ಅಂಚಿನಲ್ಲಿದ್ದರೆ ಒಂದು ಮೈಕ್ರಾನ್ ಕೆಳಗೆ ಬಿದ್ದರೂ ಜಾಬ್ ತಿರಸ್ಕೃತ. ಬೋರಿನ ಮಾಡೆಲನ್ನು ಟಾಲರೆನ್ಸ್‌ನ ನಡುವಿಗೆ, 35.012ಕ್ಕೆ ಇಡಬೇಕಿತ್ತು. ಮೂರನೆಯ ಗುಂಪು ಮಾಡಿದ ತಿದ್ದುಪಡಿಗೂ ಇದಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣದು. ವ್ಯತ್ಯಾಸ ಇಷ್ಟೇ: 35.012 ಬಂದದ್ದು ಡ್ರಾಯಿಂಗ್‌ನಿಂದ, 35.06 ಬಂದದ್ದು ಸವೆದ ಟೂಲ್‌ನಿಂದ.

ಇನ್ನೊಂದು ಅಂಕದ ಹಂಚಿಕೆ. 50 ಅಂಕದಲ್ಲಿ ಮಾಡೆಲ್‌ಗೆ 15, ಸಿಮ್ಯುಲೇಶನ್‌ಗೆ 15, ರೆಕಾರ್ಡ್‌ಗೆ 10, ವೈವಾಗೆ 10. ಬೇರಿಂಗ್ ಕೂತರೂ ಕೂರದಿದ್ದರೂ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ವೈವಾದಲ್ಲಿ ಕೇಳಿದರೆ ಉಂಟು. ಜಾಬ್ ಸರಿ ಬಂದ ಗುಂಪನ್ನು ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ.

ಅಪಾಯದ ಜಾಗವೊಂದಿದೆ. ಆ ಬ್ಯಾಚ್‌ನಲ್ಲಿ ಯಾರಿಗೂ ಆಗಲಿಲ್ಲ, ಆದರೆ ಆಗಬಹುದಿತ್ತು. ಕ್ಯಾಮ್‌ನಲ್ಲಿ ಕಾಂಪೆನ್ಸೇಶನ್ 'ವೇರ್' ಇದ್ದರೆ ಡಿ ರಿಜಿಸ್ಟರಿನಲ್ಲಿ ಸೊನ್ನೆಯ ಆಸುಪಾಸಿನ ಸಣ್ಣ ಸಂಖ್ಯೆ ಇರಬೇಕು. 'ಕಂಟ್ರೋಲ್' (ಪೂರ್ತಿ ಸರಿಸುವುದು ಮೆಷಿನ್ ಕೆಲಸ) ಇದ್ದರೆ ಟೂಲ್‌ನ ಪೂರ್ತಿ ತ್ರಿಜ್ಯ, 5 ಮಿ.ಮೀ. ಇರಬೇಕು. ವೇರ್ ಪ್ರೋಗ್ರಾಮ್ ಓಡಿಸುವಾಗ ಡಿ03ರಲ್ಲಿ ಹಿಂದಿನ ಬ್ಯಾಚ್‌ನ 5.000 ಉಳಿದಿದ್ದರೆ, ಒಳಹೋಗುವ ಕಮಾನಿನ ತ್ರಿಜ್ಯ ಅದಕ್ಕಿಂತ ಚಿಕ್ಕದಿದ್ದಾಗ 41ನೇ ಅಲಾರಂ ಬಂದು ಮೆಷಿನ್ ನಿಲ್ಲುತ್ತದೆ; ಹಾನಿಯಿಲ್ಲ. ತಿರುಗುಮುರುಗಾದರೆ, ಅಂದರೆ ಕಂಟ್ರೋಲ್ ಪ್ರೋಗ್ರಾಮ್‌ಗೆ ಡಿ03 ಸೊನ್ನೆ ಇದ್ದರೆ, ಟೂಲ್‌ನ ಕೇಂದ್ರವೇ 35ರ ಗೋಡೆಯ ಮೇಲೆ ಓಡುತ್ತದೆ. ಬೋರ್ 45 ಮಿ.ಮೀ. ಆಗುತ್ತದೆ, ವೈಸ್ ಹಿಡಿದ ಗೋಡೆ 2.5 ಮಿ.ಮೀ.ಗೆ ಇಳಿಯುತ್ತದೆ, ಜಾಬ್ ದವಡೆಯಿಂದ ಹಾರಬಹುದು. ಮೊದಲ ಸಲ ಓಡಿಸುವಾಗ ಝಡ್ ಅನ್ನು 50 ಮಿ.ಮೀ. ಮೇಲೆತ್ತಿ ಗಾಳಿಯಲ್ಲಿ ಓಡಿಸಿ ನೋಡುವ ಹಳೆಯ ರೂಢಿಯನ್ನು ಬಿಡಬಾರದು ಎನ್ನುವುದು ಇದಕ್ಕೇ. ಜಿ41 ಶುರುವಾಗುವ ಸಾಲು ನೇರ ಗೆರೆಯಾಗಿರಬೇಕು, ಕಮಾನಾಗಿದ್ದರೆ 34ನೇ ಅಲಾರಂ. ಇದನ್ನು ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ, ಮೆಷಿನ್ ತಾನೇ ಹೇಳಿಕೊಡುತ್ತದೆ.

ಬದಲಾದ ಕ್ರಮ

ಮುಂದಿನ ಬ್ಯಾಚ್‌ಗೆ ಕೆಲಸ ಅದೇ, ಕ್ರಮ ತಿರುಗಿಸಲಾಯಿತು. ಮೊದಲ ವಾರ ಕಂಪ್ಯೂಟರ್ ಮುಟ್ಟಲೇ ಇಲ್ಲ. ಮೂರು ಗಂಟೆಯೂ ಸರ್ಫೇಸ್ ಪ್ಲೇಟಿನ ಮುಂದೆ: ಹಿಂದಿನ ಬ್ಯಾಚ್‌ನ ಆರು ಹೌಸಿಂಗನ್ನು ಮುಂದಿಟ್ಟು, ಹೆಸರು ನಂಬರ್ ಇಲ್ಲದೆ, ನಾಲ್ಕು ಓದು ತೆಗೆದು ಯಾವುದಕ್ಕೆ ಏನಾಗಿದೆ ಎಂದು ಬರೆಯುವುದು. ಕೆಟ್ಟ ಜಾಬ್‌ಗಳನ್ನು ಎಸೆಯದೆ ಇಟ್ಟಿದ್ದು ಇಲ್ಲಿ ಕೈಹಿಡಿಯಿತು. ಮಾಡೆಲ್ ಮಾಡುವ ಮೊದಲೇ ಬೋರ್ ಏನೇನು ರೀತಿಯಲ್ಲಿ ಕೆಡುತ್ತದೆ ಎಂದು ಕೈಯಲ್ಲಿ ಹಿಡಿದು ನೋಡಿದವರು, ಆಮೇಲೆ ಸ್ಕ್ರೀನ್ ಮುಂದೆ ಕೂತಾಗ ಕೇಳುವ ಪ್ರಶ್ನೆಗಳೇ ಬೇರೆ.

ಮೆಷಿನ್ ಮೇಲಿನ ಕ್ರಮ ಹೀಗಿತ್ತು. ಪ್ಯಾರಲಲ್ (ಜಾಬ್‌ಗೆ ಕೆಳಗಿನಿಂದ ಆಸರೆಯಾಗುವ ಉಕ್ಕಿನ ಪಟ್ಟಿ) ಇಟ್ಟು, ಜಾಬ್‌ನ ಕೆಳಗಿನ 8 ಮಿ.ಮೀ. ಮಾತ್ರ ವೈಸ್‌ನಲ್ಲಿ ಹಿಡಿಯುವುದು, ಆಗ 11 ಮಿ.ಮೀ. ಬೋರ್ ದವಡೆಯ ಮೇಲೆ ಉಳಿಯುತ್ತದೆ. ಪ್ಯಾರಲಲ್‌ಗಳು 28ರ ತೂತಿನ ದಾರಿಗೆ ಬರಬಾರದು. ಪೈಪ್ ನಿಷೇಧ. ಟೂಲ್ ಹೊರಚಾಚು 28 ಮಿ.ಮೀ. ರಫಿಂಗ್‌ನಲ್ಲಿ (ಮೊದಲ ಒರಟು ಕತ್ತರಿಕೆಯಲ್ಲಿ) ಬೋರನ್ನು 34.50ರ ಸುಮಾರಿಗೆ ಬಿಡುವುದು, ಗೋಡೆಗೆ 0.25 ಉಳಿಕೆ. ಆಮೇಲೆ ಡಿ03ಕ್ಕೆ +0.100 ಹಾಕಿ ಫಿನಿಶ್ ಪಾಸ್ ಓಡಿಸುವುದು. ಮಾಡೆಲ್ 35.012, ಟೂಲ್ ಕರಾರುವಾಕ್ಕಾಗಿ 10 ಇದ್ದಿದ್ದರೆ ಬೋರ್ 34.812 ಬರಬೇಕು. ನಿಲ್ಲಿಸಿ ಅಳೆಯುವುದು. ಒಂದು ಗುಂಪಿಗೆ 34.760 ಬಂತು. ಇನ್ನೂ ಬೇಕಾದದ್ದು 35.012 – 34.760 = 0.252. ತ್ರಿಜ್ಯಕ್ಕೆ ಅರ್ಧ, 0.126. ಹೊಸ ಡಿ03: 0.100 – 0.126 = –0.026. ಅದೇ ಪಾಸ್ ಮತ್ತೊಮ್ಮೆ.

ಮೊದಲ ಪಾಸ್ ಗೋಡೆಯಿಂದ 0.13 ತೆಗೆಯಿತು, ಎರಡನೆಯದು 0.126. ಹೀಗೆ ಸರಿಸುಮಾರು ಸಮ ಇರಬೇಕು ಎಂದೇ ರಫಿಂಗ್ ಉಳಿಕೆಯನ್ನು 0.25ಕ್ಕೆ ಇಟ್ಟದ್ದು. ತೆಗೆಯುವ ಪದರ ಸಮ ಇದ್ದರೆ ಟೂಲ್ ಬಾಗುವುದೂ ಸಮ, ಮೊದಲ ಅಳತೆಯಲ್ಲೇ ಬಾಗುವಿಕೆಯ ಲೆಕ್ಕ ಸೇರಿಹೋಗಿರುತ್ತದೆ. ಮೊದಲು 0.4 ತೆಗೆದು ಕೊನೆಗೆ 0.02 ಮಾತ್ರ ತೆಗೆದರೆ ಮೊದಲ ಅಳತೆ ಹೇಳಿದ್ದು ಕೊನೆಯ ಪಾಸ್‌ಗೆ ಅನ್ವಯಿಸುವುದಿಲ್ಲ, ಬೋರ್ ದೊಡ್ಡದಾಗುತ್ತದೆ.

ಇದರಿಂದ ಪ್ರತಿ ಜಾಬ್‌ಗೆ ಸುಮಾರು 25 ನಿಮಿಷ ಹೆಚ್ಚು ಹಿಡಿಯಿತು. ಒಂದು ಮೆಷಿನ್, ಆರು ಗುಂಪು, ಎರಡರ ಬದಲು ಮೂರು ವಾರ ಬೇಕಾಯಿತು. ಕಾಯುವ ಗುಂಪುಗಳಿಗೆ ಅದೇ ಲೆಕ್ಕವನ್ನು ಬೇರೆ ಸಂಖ್ಯೆ ಕೊಟ್ಟು ಕಾಗದದಲ್ಲಿ ಮಾಡಿಸಲಾಯಿತು. ಚಿಹ್ನೆ ತಪ್ಪಿದರೆ ಬೋರ್ ಎಷ್ಟಾಗುತ್ತದೆ ಎಂಬುದನ್ನೂ ಬರೆಯಬೇಕು. ಕೂಡು–ಕಳೆ ಚಿಹ್ನೆಯ ತಪ್ಪು ಅತಿ ಹೆಚ್ಚು ಆಗುವುದರಿಂದ, ಆಫ್‌ಸೆಟ್ ಒತ್ತುವ ಮುಂಚೆ ಗುಂಪಿನ ಇನ್ನೊಬ್ಬರು ಜೋರಾಗಿ ಓದಿ ಹೇಳಬೇಕು ಎನ್ನುವ ನಿಯಮ ಬಂತು. ಲ್ಯಾಬ್ ಇನ್‌ಸ್ಟ್ರಕ್ಟರ್ ಮಾನಿಟರ್ ಪಕ್ಕ ಅಂಟಿಸಿದ ಚೀಟಿಯಲ್ಲಿ ಎರಡೇ ಸಾಲು: "ಬೋರ್ ದೊಡ್ಡದಾಗಬೇಕೇ? ಡಿ ಕಡಿಮೆ ಮಾಡಿ. ಈ ಮೆಷಿನ್ ತ್ರಿಜ್ಯ ಓದುತ್ತದೆ, ಅರ್ಧ ಹಾಕಿ."

ಅಂಕವೂ ಬದಲಾಯಿತು: ಮಾಡೆಲ್ ಮತ್ತು ಟೂಲ್‌ಪಾತ್ ಸೇರಿ 15, ಅಳತೆ ಹಾಳೆ 15, ಆಫ್‌ಸೆಟ್ ಲೆಕ್ಕ 10, ಬೋರ್ ಟಾಲರೆನ್ಸ್ ಒಳಗಿದ್ದರೆ 5, ವೈವಾ 5. ಜಾಬ್‌ಗೆ 5 ಮಾತ್ರ ಇಟ್ಟದ್ದು ಬೇಕೆಂದೇ. ನಾಲ್ಕನೆಯ ಗುಂಪಿನಂಥವರು ಸರಿಯಾದ ದಾರಿಯಲ್ಲಿ ನಡೆದು ಕೊನೆಯಲ್ಲಿ ಎಡವಿದರೆ ಅವರ ಹಾಳೆ ಅವರ ಪರವಾಗಿ ಮಾತಾಡಬೇಕು.

ಎರಡನೆಯ ಬ್ಯಾಚ್‌ನ ಬೋರ್‌ಗಳು: 35.008, 35.010, 35.014, 35.017, 35.002, 35.031. ಐದು ಒಳಗೆ, ಒಂದು ಹೊರಗೆ.

35.002 ಒಳಗಿದ್ದರೂ ಅಂಚಿನಲ್ಲಿದೆ. ಅದಕ್ಕೆ ಕಾರಣ ಶಾಖ. ಆ ಗುಂಪಿನ ಸರದಿ ಬಂದ ಹೊತ್ತಿಗೆ ಕೂಲೆಂಟ್ ಕಡಿಮೆಯಾಗಿತ್ತು, ಕತ್ತರಿಸಿದ ಕೂಡಲೇ ಅಳೆದರು. ಲ್ಯಾಬ್ 33 ಡಿಗ್ರಿ, ಜಾಬ್ 45 ಡಿಗ್ರಿಯ ಹತ್ತಿರ. ಅಲ್ಯೂಮಿನಿಯಂ ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಹಿಗ್ಗುತ್ತದೆ, 35 ಮಿ.ಮೀ.ಗೆ 12 ಡಿಗ್ರಿಯಲ್ಲಿ ಸುಮಾರು 10 ಮೈಕ್ರಾನ್. ಬೋರ್ ಇದ್ದದ್ದಕ್ಕಿಂತ ದೊಡ್ಡದಾಗಿ ಓದಿತು, ಅಷ್ಟು ಕಡಿಮೆ ಕತ್ತರಿಸಿದರು. ಎಚ್7ನ 25 ಮೈಕ್ರಾನ್‌ನಲ್ಲಿ 10 ಹೀಗೆ ಹೋಯಿತು. ಈಗ ಪರೀಕ್ಷಾ ಪಾಸ್ ಆದ ಮೇಲೆ ಜಾಬ್ ಮೇಲೆ ಕೂಲೆಂಟ್ ಹರಿಸಿ, ಕೈಗೆ ತಣ್ಣಗೆ ತಾಗಿದ ಮೇಲಷ್ಟೇ ಗೇಜ್ ಇಳಿಸುತ್ತಾರೆ. ಕೊನೆಯ ತಪಾಸಣೆಗೆ ಜಾಬ್, ಬೇರಿಂಗ್, ಗೇಜ್, ಮೈಕ್ರೋಮೀಟರ್ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಅರ್ಧ ಗಂಟೆ ಇಡುತ್ತಾರೆ. ಅಳತೆಯ ನಿಯಮದ 20 ಡಿಗ್ರಿ ಮಂಡ್ಯದ ಬೇಸಿಗೆಯಲ್ಲಿ ಎಸಿ ಇಲ್ಲದ ಲ್ಯಾಬ್‌ಗೆ ಎಟುಕದು. ಎಲ್ಲವೂ ಒಂದೇ ಶಾಖದಲ್ಲಿ ಇರುವುದು ಎಟುಕುತ್ತದೆ. ಹಾಗಿದ್ದಾಗಲೂ 33 ಡಿಗ್ರಿಯಲ್ಲಿ ಅಲ್ಯೂಮಿನಿಯಂ ಹೌಸಿಂಗ್ ಉಕ್ಕಿನ ಬೇರಿಂಗಿಗಿಂತ 5 ಮೈಕ್ರಾನ್ ಹೆಚ್ಚು ಹಿಗ್ಗಿರುತ್ತದೆ ಎನ್ನುವುದನ್ನು ನೆನಪಿನಲ್ಲಿಡಬೇಕು, ಚಳಿಗಾಲದಲ್ಲಿ ಅದೇ ಬೇರಿಂಗ್ ಸ್ವಲ್ಪ ಬಿಗಿ ಅನ್ನಿಸುತ್ತದೆ.

35.031ರ ಕಥೆ ಇನ್ನೂ ಸಣ್ಣದು. ಪರೀಕ್ಷಾ ಪಾಸ್ ಆದ ಮೇಲೆ ಬೋರಿನ ಗೋಡೆಗೆ ಕೂಲೆಂಟ್‌ನ ಜೊತೆ ಒಂದು ತೆಳು ಚಿಪ್ ಅಂಟಿಕೊಂಡಿತ್ತು. ಗೇಜಿನ ತುದಿ ಅದರ ಮೇಲೆ ಕೂತು ಬೋರನ್ನು 0.02 ಚಿಕ್ಕದಾಗಿ ಓದಿತು, ಅಷ್ಟು ಹೆಚ್ಚು ಕತ್ತರಿಸಿತು. ಅಳತೆ ಹಾಳೆಯಲ್ಲಿ ವೈ ದಿಕ್ಕಿನ ಒಂದು ಓದು ಮಾತ್ರ ಉಳಿದ ಮೂರಕ್ಕಿಂತ ಚಿಕ್ಕದಿತ್ತು. ಆ ಗುಂಪು ನಾಲ್ಕರಲ್ಲಿ ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಈಗ ಹಾಳೆಯ ಮೇಲ್ಭಾಗದಲ್ಲಿ ಇನ್ನೊಂದು ಸಾಲು ಸೇರಿದೆ: ಗಾಳಿ ಹೊಡೆದು, ಬಟ್ಟೆಯಲ್ಲಿ ಒರೆಸಿ, ನಾಲ್ಕು ಓದು, ಒಂದು ಓದು ಉಳಿದವಕ್ಕಿಂತ 0.01 ದೂರ ಇದ್ದರೆ ಮತ್ತೆ ಒರೆಸಿ ಅಳೆಯಿರಿ.

ಟಿ3 ಈಗಲೂ ಅದೇ ಕಾಲೆಟ್‌ನಲ್ಲಿದೆ. ಅದರ ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಅಳೆದ ವ್ಯಾಸ, ಅಳೆದ ದಿನ, ಮೂಲೆ ತ್ರಿಜ್ಯ ಇವೆ. ಲ್ಯಾಬ್ ಮುಗಿದ ಮೇಲೆ ಕೊನೆಯ ಗುಂಪು ಡಿ03 ಅನ್ನು ಸೊನ್ನೆಗೆ ತಂದು ರಿಜಿಸ್ಟರ್ ಪುಸ್ತಕದಲ್ಲಿ ಸಹಿ ಹಾಕುತ್ತದೆ. ಪೋಸ್ಟ್ ಮಾಡಿದ ಪ್ರೋಗ್ರಾಮ್‌ನ ಮೊದಲ ಸಾಲಿನಲ್ಲೇ 'ವೇರ್' ಎಂದು ಕಾಮೆಂಟ್ ಇರದಿದ್ದರೆ ಅದನ್ನು ಮೆಷಿನ್‌ಗೆ ಹಾಕಲು ಬಿಡುವುದಿಲ್ಲ.